ದುರ್ಯೋಧನನ ಪೇಬ್ಯಾಕ್ ಪೀರಿಯಡ್

ಬಸಣ್ಣ ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದ ಅಂದ್ರೆ ಅವತ್ತಿನ ಮಿರ್ಚಿ ಆರಿಹೋಯ್ತು ಅಂತಲೇ ಅರ್ಥ.

"ಆರ್‌ಓಐ ಎಷ್ಟು? ಹಾಕಿದ ದುಡ್ಡಿಗೆ ಲಾಭ ಎಷ್ಟು? ಕೊಟ್ರೇಶಿ, ಮೊದ್ಲು ಅದನ್ನ ಹೇಳು."

ಕೊಟ್ರೇಶಿ ಮಾತಾಡಲಿಲ್ಲ. ಮಗಳು ಬಿಕಾಂ ಮುಗಿಸಿ "ಅಪ್ಪಾಜಿ, ನಾನು ನಾಟಕ ಓದ್ತೀನಿ" ಅಂದು ಮೂರು ದಿನ ಆಗಿತ್ತು. ಆ ಮೂರು ದಿನದಲ್ಲಿ ಚೌಕಿಪೇಟೆ ಅಂಗಡೀಲಿ ಎರಡೂವರೆ ಮೀಟರ್ ಕೇಳಿದ ಇಬ್ಬರಿಗೆ ಮೂರು ಮೀಟರ್ ಹರಿದು ಕೊಟ್ಟಿದ್ದ.

"ನಾಟಕ ಆಡೋದು ಗೊತ್ತು. ಅದರಾಗೆ ಓದೋದು ಏನೈತಣ್ಣ?" ಅಂತ ಬಾಣಲೆ ಹತ್ರದಿಂದ ಹಾಲೇಶಿ ಕೇಳಿದ.

"ಸಾಣೇಹಳ್ಳೀಲಿ ಒಂದು ವರ್ಷ ಓದಿಸ್ತಾರಂತೆ, ಹೆಗ್ಗೋಡಿನ ನೀನಾಸಂನಾಗೂ ಐತಂತೆ. ಆಮೇಲೆ ಡೆಲ್ಲಿಯ ರಾಷ್ಟ್ರೀಯ ನಾಟಕ ಶಾಲೆ ಎನ್‌ಎಸ್‌ಡಿಗೆ ಅರ್ಜಿ ಹಾಕ್ತಾಳಂತೆ. ಅಲ್ಲಿ ಮೂರು ವರ್ಷ."

"ನಾಲ್ಕು ವರ್ಷ!" ಬಸಣ್ಣ ಕೂಡಿಬಿಟ್ಟ. "ನಾಲ್ಕು ವರ್ಷದಲ್ಲಿ ತಿಂಗಳು ತಿಂಗಳು ಫಂಡಿಗೆ ಕಟ್ಟೋ ಒಂದು ಎಸ್‌ಐಪಿ ಎಷ್ಟು ಬೆಳೀತೈತೆ ಗೊತ್ತಾ? ನಿನ್ನೆ ಒಬ್ಬ ಹುಡುಗ ವಿಡಿಯೋದಾಗೆ ಹೇಳ್ತಿದ್ದ, ಆರ್‌ಓಐ ನೋಡದೆ ಮಕ್ಕಳನ್ನ ಓದಿಸೋದು ಅಂದ್ರೆ ಕಣ್ಣು ಮುಚ್ಕೊಂಡು ಬಾವಿಗೆ ಬೀಳೋದು ಅಂತ."

"ಆ ಹುಡುಗ ಕೋಟು ಹಾಕಿದ್ನಾ?" ಮೇಷ್ಟ್ರು ಮಂಡಕ್ಕಿಯೊಳಗಿನ ಈರುಳ್ಳಿ ಹುಡುಕುತ್ತಲೇ ಕೇಳಿದರು.

"ಹ್ಞೂಂ, ಹಾಕಿದ್ದ."

"ಈ ಬಿಸಿಲಿಗೆ?"

"ಹಾಕಿದ್ದ ಅಂದ್ನಲ್ರೀ."

"ಹಂಗಾದ್ರೆ ಅದು ವೇಷ. ಅವನು ಎಸ್‌ಐಪಿಯಿಂದ ದುಡೀತಿಲ್ಲ ಬಸಣ್ಣ, ಎಸ್‌ಐಪಿ ಪಾತ್ರ ಮಾಡಿ ದುಡೀತಾನೆ. ಕೊಟ್ರೇಶಿ ಮಗಳು ಕೇಳ್ತಿರೋದೂ ಅದೇ ವಿದ್ಯೆ. ಇವಳು ನಾಟಕ ಅಂತ ಹೇಳೇ ಮಾಡ್ತಾಳೆ, ಅಷ್ಟೇ ವ್ಯತ್ಯಾಸ."

ಬಸಣ್ಣ ಸೋಲೋ ಪೈಕಿ ಅಲ್ಲ. ಫೋನು ತೆಗೆದು ಕನ್ನಡಕ ಹಣೆಗೇರಿಸಿದ. "ಅಮೆರಿಕಾದ ಹಾರ್ವರ್ಡ್ ಗೊತ್ತಲ್ಲ? ಅಲ್ಲಿ ನಾಟಕದ ಎರಡು ವರ್ಷದ ಕೋರ್ಸು ಇತ್ತು. ಓದಿ ಹೊರಗೆ ಬರೋವಾಗ ತಲೆ ಮೇಲೆ ಸುಮಾರು 78,000 ಡಾಲರ್ ಸಾಲ. ಆಮೇಲೆ ವರ್ಷದ ದುಡಿಮೆ ಎಷ್ಟು? ಸುಮಾರು 36,000. ಸಾಲಕ್ಕೂ ದುಡಿಮೆಗೂ ತಾಳೆ ಇಲ್ಲ ಅಂತ ಅಲ್ಲಿನ ಸರ್ಕಾರ ಆ ಕೋರ್ಸನ್ನ ಫೇಲ್ ಮಾಡ್ತು. 2017ರಲ್ಲಿ ಹೊಸಬರನ್ನ ತಗೊಳ್ಳೋದೇ ನಿಲ್ಲಿಸಿದ್ರು."

"ಹಾರ್ವರ್ಡೇ ಫೇಲಾ?" ಕೊಟ್ರೇಶಿ ಬಾಯಿಗೆ ಹೋಗ್ತಿದ್ದ ಮಿರ್ಚಿ ಅಲ್ಲೇ ನಿಂತಿತು.

"ಸಪ್ಲಿಮೆಂಟರಿ ಕಟ್ಲಿಲ್ವಾ ಸಾರ್?" ಅಂದ ಹಾಲೇಶಿ. ಅವನ ಮಗ ಪಿಯುಸಿ ಕಟ್ಟಿದ್ದು ಮೂರು ಸಲ.

ಮೇಷ್ಟ್ರು ಪೇಪರಿನ ಮೂಲೆಗೆ ಬೆರಳು ಒರೆಸಿಕೊಂಡರು. "ಅದೇ ದೇಶದಾಗೆ ಯೇಲ್ ಅಂತ ಇನ್ನೊಂದೈತೆ. 2021ರಲ್ಲಿ ಡೇವಿಡ್ ಗೆಫನ್ ಅನ್ನೋ ಸಾಹುಕಾರ ಅಲ್ಲಿನ ನಾಟಕ ಶಾಲೆಗೆ 15 ಕೋಟಿ ಡಾಲರ್ ಕೊಟ್ಟ. ಅವತ್ತಿಂದ ಅಲ್ಲಿ ಓದೋರಿಗೆ ಫೀಸೇ ಇಲ್ಲ. ಈಗ ಹೇಳು, ನಿನ್ನ ಆರ್‌ಓಐ ತೆಗೆಯೋದು ಹೆಂಗೆ?"

"ಬಂದ ಲಾಭಾನ ಹಾಕಿದ ಬಂಡವಾಳದಿಂದ ಭಾಗಿಸಬೇಕು."

"ಫೀಸು ಸೊನ್ನೆ. ಭಾಗಿಸಪಾ."

ಬಸಣ್ಣ ಒತ್ತಿದ. ಮೂವತ್ತೆರಡು ವರ್ಷ ಬ್ಯಾಂಕಿನ ಬಡ್ಡಿ ಲೆಕ್ಕ ಹಾಕಿದ ಆ ಕ್ಯಾಲ್ಕುಲೇಟರ್ ಮೂಲೇಲಿ ಒಂದು 'ಇ' ತೋರಿಸಿ ಕೂತಿತು.

"ಇನ್ನು ಎನ್‌ಎಸ್‌ಡಿ ಕಥೆ ಕೇಳು. ಅಲ್ಲಿ ಓದೋ ಮಕ್ಕಳಿಗೆ ತಿಂಗಳು ತಿಂಗಳು ಅವರೇ ವಿದ್ಯಾರ್ಥಿವೇತನ ಕೊಡ್ತಾರೆ. ಮಿಷನ್ ಕೆಟ್ಟೀತು, ಜೇಬಿಗಿಟ್ಕೋ."

"ಆಪರ್ಚುನಿಟಿ ಕಾಸ್ಟ್ ಅಂತ ಒಂದೈತೆ ಮೇಷ್ಟ್ರೇ! ನಾಲ್ಕು ವರ್ಷ ಬೇರೆ ಕಡೆ ದುಡಿದಿದ್ರೆ ಬರ್ತಿದ್ದ ದುಡ್ಡು!"

"ಅದಕ್ಕೆ ನಮ್ಮ ಕಡೆ 'ಕನಸಿನ ಗಂಟು' ಅಂತಾರೆ. ಅದನ್ನೂ ಡೆಬಿಟ್ ಹಾಕ್ತೀಯಾ?"

ಇಲ್ಲಿಗೆ ಮೇಷ್ಟ್ರು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. "ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿ ಇದ್ದ ಊರಾಗೆ ಕೂತು ನಾಟಕದ ಬೆಲೆ ಕೇಳ್ತೀಯಲ್ಲೋ! ಆಯಮ್ಮ ಯಾವ ಆರ್‌ಓಐ ನೋಡಿ ಬಣ್ಣ ಹಚ್ಚಿದ್ರು?"

"ಅದನ್ನೇ ನಾನೂ ಹೇಳೋದು! ಅವರು ಅಪ್ಪನ ಕಂಪನೀಲಿ ಕಲಿತೋರು. ಡಿಗ್ರಿ ಯಾಕೆ ಬೇಕು?"

ಮೇಷ್ಟ್ರು ಸಿಕ್ಕಿಬಿದ್ದರು. ಮೆಣಸಿನಕಾಯಿ ಖಾರ ಅಂತ ನೆಪ ಹೇಳಿ ಒಂದು ಚೊಂಬು ನೀರು ಪೂರ್ತಿ ಕುಡಿದರು. ಕುಡಿಯೋ ಹೊತ್ತಿಗೆ ಉತ್ತರ ಸಿಗ್ತದೆ ಅನ್ನೋದು ಮೂವತ್ತು ವರ್ಷ ಪಾಠ ಮಾಡಿದವರ ನಂಬಿಕೆ.

"ಅಪ್ಪನ ಕಂಪನಿ ಇದ್ದೋರು ಅಲ್ಲಿ ಕಲಿತಾರೆ. ಬಟ್ಟೆ ಅಂಗಡಿ ಅಪ್ಪ ಇದ್ದೋರು ಎಲ್ಲಿ ಕಲೀಬೇಕು? ನಮ್ಮ ದಾವಣಗೆರೆ ಬೇರೆ ಜಿಲ್ಲೆ ಆದದ್ದು 1997. ಅದೇ ವರ್ಷ ಸಾಣೇಹಳ್ಳಿ ಸ್ವಾಮಿಗಳು ಶಿವಸಂಚಾರ ನಾಟಕ ತಂಡ ಹೊರಡಿಸಿದ್ರು, ಇವತ್ತಿಗೂ ಆ ಹುಡುಗರು ಊರೂರು ತಿರುಗ್ತಾರೆ. ನಾಟಕದ್ದು ಆಮೇಲೆ ನೋಡೋಣ, ಮೊದ್ಲು ಜಿಲ್ಲೆಯ ಆರ್‌ಓಐ ತೆಗಿ."

"ಅಷ್ಟೆಲ್ಲ ಯಾಕೆ," ಹಾಲೇಶಿ ಜಾಲರಿ ಕೊಡವಿದ. "ಕೊಟ್ರೇಶಣ್ಣ ಊರಾಗೆ ದುರ್ಯೋಧನ ಆಗಿದ್ರಲ್ಲ, ಅದರ ಲೆಕ್ಕ ಹಾಕ್ರಿ."

ಕೊಟ್ರೇಶಿ ಮುಖ ಮೊದಲ ಸಲ ಅರಳಿತು. ಬಸಣ್ಣ ಹೊಸ ಹಾಳೆ ತೆಗೆದ.

"ಪಾತ್ರಕ್ಕೆ ಎಷ್ಟು ಕಟ್ಟಿದ್ದೆ?"

"35 ಸಾವಿರ. ದುರ್ಯೋಧನಂದೇ ಜಾಸ್ತಿ. ಭೀಮಂದು 25. ದುಶ್ಯಾಸನಂಗೆ ಯಾರೂ ಬರ್ಲಿಲ್ಲ, 10ಕ್ಕೆ ಇಳಿಸಿದ್ರು. ದ್ವಾರಪಾಲಕ ಪುಕ್ಕಟೆ."

"ಹಾರ್ಮೋನಿಯಂ ಮಾಸ್ತರಿಗೆ, ಸೀನರಿಗೆ?"

"ನಾವೇ ಕೊಟ್ಟಿದ್ದು."

"ಬಂದಿದ್ದೆಷ್ಟು?"

"ನಮ್ಮ ಮಾವ ಸ್ಟೇಜಿಗೆ ಬಂದು ನೋಟಿನ ಹಾರ ಹಾಕಿದ್ರು. ಎಲ್ಲಾ ಹತ್ತರ ನೋಟು."

"ಅಂದ್ರೆ ದುಡ್ಡು ಕೊಟ್ಟು, ರಾತ್ರಿಯೆಲ್ಲಾ ಕಿರುಚಿ, ಬೆಳಗಿನ ಜಾವ ಐದಕ್ಕೆ ತೊಡೆ ಮುರಿಸ್ಕೊಂಡು ಸತ್ತೆ."

"ಐದೂವರೆ. ಒನ್ಸ್‌ಮೋರ್ ಬಂತು. ಎದ್ದು ಇನ್ನೊಂದು ಸಲ ಸತ್ತೆ."

"ಹಾಕಿದ ದುಡ್ಡು ವಾಪಸ್ ಬರೋಕೆ ಎಷ್ಟು ಕಾಲ, ಪೇಬ್ಯಾಕ್ ಪೀರಿಯಡ್ ಏನಂತ ಬರೀಲೋ?"

"ಊರಿನ ಡೈರೀಲಿ ಇವತ್ತಿಗೂ 'ಬನ್ನಿ ಕೌರವೇಶ್ವರ' ಅಂತಾರೆ ಬಸಣ್ಣ. ನಾನು ಹಾಲು ಹಾಕೋದು ಬಿಟ್ಟು ಹನ್ನೆರಡು ವರ್ಷ ಆತು."

"ಗುಡ್‌ವಿಲ್ ಕಾಲಂಗೆ ಹಾಕು," ಅಂದರು ಮೇಷ್ಟ್ರು. "ಇನ್ನೊಂದು ಮಾತು. ಆ ರಾತ್ರಿ ದುಡ್ಡು ತಗೊಂಡು ಹೋದೋರು ಯಾರು ಕೊಟ್ರೇಶಿ?"

"ದ್ರೌಪದಿ. ಇಲ್ಲೇ ದಾವಣಗೆರೆಯಿಂದ ಕರೆಸಿದ್ವಿ. ಬಣ್ಣ ಹಚ್ಚೋಕೆ ಮುಂಚೆ ಎಣಿಸ್ಕೊಂಡ್ರು."

"ನೋಡಿದ್ಯಾ? ನಮ್ಮ ನಾಟಕದಾಗೆ ಕಳ್ಕೊಳ್ಳೋನು ಕೌರವ, ಗಳಿಸೋಳು ದ್ರೌಪದಿ. ನಿನ್ನ ಮಗಳು ಲಾಭದ ಕಡೆ ಹೋಗ್ತೀನಿ ಅಂತಾಳೆ, ನೀನು ಮೂರು ದಿನದಿಂದ ಬಟ್ಟೆ ತಪ್ಪಾಗಿ ಹರೀತಿದ್ದೀಯ."

ಹಾಲೇಶಿ ಎಷ್ಟು ನಕ್ಕ ಅಂದ್ರೆ ಒಂದು ಮಿರ್ಚಿ ಕರಕಲಾಯ್ತು. ಬಸಣ್ಣ ಮಾತ್ರ ನಗಲಿಲ್ಲ. ಹಾಳೆ ಮೇಲಿನ 35 ಸಾವಿರದ ಸುತ್ತ ಪೆನ್ನು ಸುತ್ತಿಸ್ತಾ ಇದ್ದ.

"ನಾನು ಫೀಲ್ಡ್ ಆಫೀಸರ್ ಆಗಿದ್ದಾಗ ಒಂದು ಕಂಪನಿಯೋರು ಸಾಲಕ್ಕೆ ಬಂದಿದ್ರು," ಅಂದ. "ದುಗ್ಗಮ್ಮನ ಜಾತ್ರೆಗೆ ಟೆಂಟು ಹಾಕಿದ್ರು. ಹತ್ತು ಸಾವಿರ ಬೇಕಿತ್ತು. ಅಡಮಾನಕ್ಕೆ ಏನೈತೆ ಅಂದ್ರೆ ಮಾಲೀಕರು, ವಯಸ್ಸಾದೋರು, ಒಂದು ಅರಮನೆ ಐತೆ, ಒಂದು ಕಾಡು ಐತೆ, ಒಂದು ಬೀದಿ ಐತೆ ಅಂದ್ರು."

"ಪರದೆಗಳಾ?"

"ಪರದೆಗಳು. ಇನ್‌ಸ್ಪೆಕ್ಷನ್‌ಗೆ ಹೋದೆ. ಮಧ್ಯಾಹ್ನ, ಟೆಂಟೊಳಗೆ ಬೆಂಕಿ ಅಂಥಾ ಸೆಕೆ. ಒಂದೊಂದೇ ಪರದೆ ಬಿಚ್ಚಿ ಇಳಿಬಿಟ್ರು. ನಾನು ಟೇಪು ಹಿಡಿದೆ. ಅರಮನೆ, ಹಳೇ ಬಟ್ಟೆ, ಮಾರಾಟ ಬೆಲೆ ಇಲ್ಲ. ಬೀದಿ, ಹರಿದೈತೆ, ಮಾರಾಟ ಬೆಲೆ ಇಲ್ಲ. ಕಾಡಿನ ಪರದೇಲಿ ಒಂದು ಜಿಂಕೆ ಇತ್ತು. ಹಿಂಗಾಲ ಹತ್ರ ಹರಿದಿದ್ದಕ್ಕೆ ತೇಪೆ ಹಚ್ಚಿ, ಮೇಲೆ ಇನ್ನೊಂದು ಕಾಲು ಬರೆದಿದ್ರು. ಹಳೇ ಕಾಲೂ ಅರ್ಧ ಕಾಣ್ತಿತ್ತು. ಐದು ಕಾಲಿನ ಜಿಂಕೆ. ಆ ಯಜಮಾನರು ನನ್ನ ಹೆಗಲ ಮೇಲಿಂದ ಹಾಳೆ ಇಣುಕಿ, 'ಸಾಹೇಬ್ರೇ, ಜಿಂಕೆ ಬರ್ಕೊಂಡ್ರಾ?' ಅಂದ್ರು."

ಬಾಣಲೆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

"ಸಾಲ?" ಮೇಷ್ಟ್ರು ಕೇಳಿದರು.

"ರಿಜೆಕ್ಟ್ ಮಾಡ್ದೆ. ಎರಡು ವರ್ಷಕ್ಕೆ ಮತ್ತೆ ಜಾತ್ರೆ ಬಂತು. ಕಂಪನಿ ಬರ್ಲಿಲ್ಲ. ಬೇರೆ ಕಂಪನಿ ಬಂತು ಅನ್ನು, ಆದ್ರೆ ಅವರ ಕಾಡಿನಾಗೆ ಬರೀ ಮರ."

ಕೊಟ್ರೇಶಿ ಮಂಡಕ್ಕಿ ಪೇಪರು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಅದಿರ್ಲಿ, ರಾತ್ರಿ ಮಗಳಿಗೆ ಏನು ಹೇಳ್ಲಿ? ನೀನೇ ಹೇಳು ಬಸಣ್ಣ, ಲೆಕ್ಕ ಗೊತ್ತಿದ್ದೋನು."

"ನನ್ನ ಕೇಳ್ಬ್ಯಾಡ ಮಾರಾಯಾ. ನಾನು ಜಿಂಕೆ ಬರ್ಕೊಂಡಿರ್ಲಿಲ್ಲ."