ಆಯುವವರ ಜೊತೆ ಕಸದಿಂದ ದೊಡ್ಡ ಚಿತ್ರ: ಮುಚ್ಚಳಗಳು ಹಲಗೆಗೆ ಅಂಟುತ್ತಿಲ್ಲ

ಬಿರಡೆಪೆಟ್ಟಿಗೆ:
ಕಸದ ಗುಡ್ಡದಲ್ಲಿ ಆಯುವ ಎಂಟು ಜನರ ಜೊತೆ ಸೇರಿ 4×6 ಅಡಿ ಪ್ಲೈವುಡ್ ಮೇಲೆ ಬಾಟಲಿ ಮುಚ್ಚಳಗಳ ಮುಖಚಿತ್ರ ಮಾಡಬೇಕಿದೆ. ಮರದ ಗೋಂದು ಎರಡೇ ದಿನಕ್ಕೆ ಬಿಟ್ಟಿತು, ಹಾಟ್ ಗ್ಲೂ ಬಿಸಿಲಿಗೆ ಸಡಿಲವಾಯಿತು. ತೊಳೆದರೂ ವಾಸನೆ ಹೋಗಿಲ್ಲ. ಒಟ್ಟು ಎಷ್ಟು ಮುಚ್ಚಳ ಬೇಕಾದೀತು?

ತಂತಿಕೊಕ್ಕೆ:
ಗೋಂದು ಬದಲಿಸಿ ಪ್ರಯೋಜನವಿಲ್ಲ. ಮುಚ್ಚಳಗಳು ಪಾಲಿಪ್ರೊಪಿಲೀನ್ ಇಲ್ಲವೇ ಎಚ್‌ಡಿಪಿಇ ಎಂಬ ಪ್ಲಾಸ್ಟಿಕ್. ಆ ಮೈ ಮೇಣದ ಹಾಗೆ, ಸಾಮಾನ್ಯ ಗೋಂದು ಕಚ್ಚುವುದೇ ಇಲ್ಲ. ಮರಳುಕಾಗದ ತಿಕ್ಕಿದರೂ ಅಷ್ಟಕ್ಕಷ್ಟೇ. ತಿರುಪು ಹಾಕಿ. ಪ್ಲೈವುಡ್ 12 ಮಿ.ಮೀ. ಇದ್ದರೆ 13 ಮಿ.ಮೀ. ತಿರುಪು ಸಾಕು, ಹಿಂದೆ ಮೊನೆ ಚುಚ್ಚಿ ಬರುವುದಿಲ್ಲ. ಮೊದಲು ಮುಚ್ಚಳದ ನಡುವೆ 3 ಮಿ.ಮೀ. ತೂತು ಕೊರೆಯಿರಿ, ಕೊರೆಯದೆ ತಿರುಗಿಸಿದರೆ ಮುಚ್ಚಳವೂ ಜೊತೆಗೇ ಸುತ್ತುತ್ತದೆ, ಇಲ್ಲವೇ ಸೀಳುತ್ತದೆ. ತೀರಾ ಬಿಗಿದರೆ ತಳ ಒಳಗೆ ಕುಸಿದು ಪಕ್ಕದ್ದನ್ನೂ ಓರೆ ಮಾಡುತ್ತದೆ.

ಲೆಕ್ಕ: ಮುಚ್ಚಳದ ಅಗಲ ಸುಮಾರು 30 ಮಿ.ಮೀ., ಚದರಡಿಗೆ 100. ಅಂದರೆ 2400. ಜೇನುಗೂಡಿನಂತೆ ಒತ್ತಿ ಕೂರಿಸಿದರೆ ಶೇ. 15ರಷ್ಟು ಹೆಚ್ಚು. ಒಡೆದಿದ್ದು, ಬಣ್ಣ ಹೊಂದದ್ದು ಸೇರಿ 3000ಕ್ಕೂ ಸ್ವಲ್ಪ ಮೇಲೆಯೇ ಇಟ್ಟುಕೊಳ್ಳಿ.

ಚಿತ್ರ ಬರೆದುಕೊಂಡು ಬಣ್ಣ ಹುಡುಕಲು ಹೊರಡಬೇಡಿ, ಅದು ತಿರುಗುಮುರುಗು ಕೆಲಸ. ಬಿಳಿ, ನೀಲಿ ರಾಶಿ ಬೀಳುತ್ತವೆ. ಚರ್ಮಕ್ಕೆ ಬೇಕಾದ ಕಂದು ಸಿಗುವುದೇ ಅಪರೂಪ. ಯಾವುದು ಎಷ್ಟು ಬರುತ್ತದೆ ಅನ್ನುವುದು ಆಯುವವರಿಗೆ ಬಾಯಿಪಾಠ. ಅವರನ್ನೇ ಕೇಳಿ ಬಣ್ಣ ಗೊತ್ತುಮಾಡಿ. ಇನ್ನೊಂದು: ಬಾಯಿ ಎದುರಿಗೆ ಬರುವಂತೆ ಕೂರಿಸಿದ ಮುಚ್ಚಳ ಒಳಗೆ ನೆರಳು ಹಿಡಿದು ಒಂದು ಛಾಯೆ ಕಪ್ಪಗೆ ಕಾಣುತ್ತದೆ. ಕೆನ್ನೆಗೂ ಕಣ್ಣಿನ ಕೆಳಗೂ ವ್ಯತ್ಯಾಸ ತರಲು ಇದೊಂದೇ ಸಾಕು. ಬೆನ್ನು ಎದುರಿಗಿರಬೇಕಾದ ಕಡೆ ಮಾತ್ರ ಉದ್ದನೆಯ ತಿರುಪು ಬೇಕು.

ನೊರೆನೀರು:
ವಾಸನೆ ಉಳಿಯುವುದು ಮುಚ್ಚಳದ ಒಳಗಿನ ಸುರುಳಿಗೆರೆಯಲ್ಲಿ. ಬಿಸಿನೀರು, ಸೋಪಿನ ಪುಡಿಯಲ್ಲಿ ರಾತ್ರಿಯಿಡೀ ನೆನೆಸಿ, ಬ್ರಷ್ ಹಾಕಿ ಉಜ್ಜಿ, ಚೆನ್ನಾಗಿ ಜಾಲಿಸಿ. ಆಮೇಲೆ ಮನೆಬಳಕೆಯ ಬ್ಲೀಚ್ ದ್ರವ 1 ಪಾಲು, ನೀರು 50 ಪಾಲು. ಕೊಳೆ ಇರುವಾಗಲೇ ಬ್ಲೀಚ್ ಸುರಿದರೆ ಕ್ಲೋರಿನ್ನೆಲ್ಲ ಕೊಳೆಯ ಮೇಲೇ ಖರ್ಚಾಗಿಬಿಡುತ್ತದೆ. ಶೌಚಾಲಯದ ಆಸಿಡ್ ಅದಕ್ಕೆ ತಾಗಲೇಬಾರದು, ವಿಷಾನಿಲ ಏಳುತ್ತದೆ. ಪೂರ್ತಿ ಒಣಗದೆ ಚೀಲ ಕಟ್ಟಿದರೆ ಮತ್ತೆ ಅದೇ ನಾತ.

ಸಿರಿಂಜು, ಬ್ಯಾಟರಿ, ಟ್ಯೂಬ್‌ಲೈಟು, ಕೀಟನಾಶಕದ ಡಬ್ಬಿ ಎಷ್ಟೇ ಚೆಂದ ಕಂಡರೂ ಬೇಡ. ತೆಳು ಕೈಗವಸು ಸೂಜಿಯನ್ನು ತಡೆಯುವುದಿಲ್ಲ, ದಪ್ಪನೆಯದೇ ಕೊಡಿ.

ಏಣಿಮೇಲೆ:
ಅಂಟಿಸಲೇಬೇಕೆಂದಿಲ್ಲವಲ್ಲ. ಬ್ರೆಜಿಲ್‌ನ ಕಲಾವಿದ ವಿಕ್ ಮುನಿಜ್ ಅವರು ರಿಯೊ ಡಿ ಜನೈರೊ ಬಳಿಯ ಜಾರ್ಡಿಮ್ ಗ್ರಾಮಾಚೊ ಎಂಬ ಕಸದ ಗುಡ್ಡದ (2012ರಲ್ಲಿ ಮುಚ್ಚಿತು) ಆಯುವವರ ಜೊತೆ ಮಾಡಿದ್ದು ನೆಲದ ಚಿತ್ರ: ಗೋದಾಮಿನ ನೆಲದ ಮೇಲೆ ಪ್ರೊಜೆಕ್ಟರಿನಿಂದ ಮುಖದ ಬಿಂಬ ಬಿಟ್ಟು, ಅವರೊಡನೆ ಸಾಮಾನು ಜೋಡಿಸಿ, ಮೇಲಿನಿಂದ ಫೋಟೊ. ಉಳಿಯುವ ಕೃತಿ ಫೋಟೊ. ಫುಲ್‌ಫ್ರೇಮ್ (36×24 ಮಿ.ಮೀ. ಸೆನ್ಸರಿನ) ಕ್ಯಾಮೆರಾ, 24 ಮಿ.ಮೀ. ಲೆನ್ಸ್ ಆದರೆ 16 ಅಡಿ ಎತ್ತರದಿಂದ 24×16 ಅಡಿ ನೆಲ ಕಾಣುತ್ತದೆ. ಅಂಚಿಗೆ ಜಾಗ ಬೇಕು, 18 ಅಡಿಗೆ ಹೋಗಿ. ಪ್ರೊಜೆಕ್ಟರ್ ಓರೆಯಾಗಿದ್ದರೆ ಹಣೆ ಉದ್ದವಾಗುತ್ತದೆ. ಸೀಮೆಸುಣ್ಣದಲ್ಲಿ ಚೌಕ ಎಳೆದು ತಾಳೆ ನೋಡಿ.

ಹಣದ ಮಾತು ಮೊದಲೇ ಆಗಲಿ. ಲಾರಿ ಬಂದು ಸುರಿಯುವ ಹೊತ್ತೇ ಅವರ ದುಡಿಮೆಯ ಹೊತ್ತು, ಆಗ ಕರೆದರೆ ಇಡೀ ದಿನದ ಕೂಲಿ ಕೊಡಬೇಕು. ಮುಚ್ಚಳಕ್ಕೆ ಗುಜರಿಯವನಿಗಿಂತ ಹೆಚ್ಚಿನ ದರ ಬೇರೆ. ಚಿತ್ರ ಮಾರಿದರೆ ಯಾರಿಗೆಷ್ಟು ಅನ್ನುವುದು ಬರಹದಲ್ಲಿರಲಿ, ಓದಿ ಹೇಳಿ ಸಹಿ ಹಾಕಿಸಿ.

ಬಿರಡೆಪೆಟ್ಟಿಗೆ:
ಹಾಗಾದರೆ ತಿರುಪೇ. ಹೊರಗೋಡೆಗೆ ನೇತುಹಾಕುವುದಾದರೆ ಮಾಮೂಲಿ ಕಬ್ಬಿಣದ್ದು ಸಾಕೇ?

ತಂತಿಕೊಕ್ಕೆ:
ಬೇಡ, ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಕಬ್ಬಿಣದ್ದಾದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪ್ರತಿ ಮುಚ್ಚಳದಿಂದಲೂ ತುಕ್ಕಿನ ಗೆರೆ ಇಳಿದಿರುತ್ತದೆ, ಬಿಳಿಯ ಮೇಲೆ ಎದ್ದು ಕಾಣುತ್ತದೆ. ಪ್ಲೈವುಡ್ಡಿನ ಅಂಚಿಗೂ ಎರಡು ಕೈ ಬಣ್ಣ ಬಳಿಯಿರಿ, ನೀರು ಮೊದಲು ನುಗ್ಗುವುದು ಅಲ್ಲಿಂದಲೇ.