ಬಾಲ್ಕನಿಗಿಂತ ಮೊದಲು ಕಸದ ಬುಟ್ಟಿ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ತಂಗಿಯ ಮಗಳು ಈ ಗುಂಪಿನಲ್ಲಿ ಒಂದು ಪ್ರಶ್ನೆ ಹಾಕಿದ್ದಳು. ಎರಡು ಕೋಣೆಯ ಬಾಡಿಗೆ ಮನೆ, ನಾಲ್ಕು ಚದರ ಮೀಟರಿನ ಬಾಲ್ಕನಿ, ಇಷ್ಟರಲ್ಲಿ ಗಂಡ ಹೆಂಡತಿ ಇಬ್ಬರು ಎಷ್ಟರಮಟ್ಟಿಗೆ ಸ್ವಾವಲಂಬಿಗಳಾಗಿ ಬದುಕಬಹುದು, ಮೊದಲು ಯಾವ ಕುಂಡ, ಯಾವ ಬೀಜ ತರಬೇಕು ಎಂಬುದು ಅವಳ ಪ್ರಶ್ನೆ. ಅದಕ್ಕೆ ಅಣ್ಣ, ಇದೆಲ್ಲ ಉಳ್ಳವರ ಹವ್ಯಾಸ, ಕುಂಡಕ್ಕೂ ಮಣ್ಣಿಗೂ ಸುರಿಯುವ ಹಣದಲ್ಲಿ ವರ್ಷದ ಸೊಪ್ಪು ಕೊಂಡುಕೊಳ್ಳಬಹುದು ಎಂದು ಉತ್ತರಿಸಿದ್ದಾನೆ. ಇಬ್ಬರಿಗೂ ಸೇರಿಸಿ ಹೇಳಬೇಕಾದದ್ದು ಸ್ವಲ್ಪ ಉದ್ದವಾಗಿದೆ; ಅಷ್ಟನ್ನೂ ಫೋನಿನಲ್ಲಿ ಒತ್ತಿ ಬರೆಯುವ ತಾಳ್ಮೆ ನನಗಿಲ್ಲವಾದ್ದರಿಂದ ಧ್ವನಿ ಸಂದೇಶ ಕಳುಹಿಸುತ್ತಿದ್ದೇನೆ. ಅಂಕಿಗಳು ತಪ್ಪಬಾರದೆಂದು ಮೊದಲು ಕಾಗದದ ಮೇಲೆ ಬರೆದುಕೊಂಡು ಓದುತ್ತಿದ್ದೇನೆ, ಮಾತು ಕೊಂಚ ಭಾಷಣದಂತೆ ಕೇಳಿಸಿದರೆ ಸಹಿಸಿಕೊಳ್ಳಿ.

ಮಗಳೇ, ಅಣ್ಣನ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲು ಒಪ್ಪಿಕೊಂಡುಬಿಡೋಣ. ಜಗತ್ತಿನಲ್ಲಿ ಗೋಧಿಯ ಸರಾಸರಿ ಇಳುವರಿ ಹೆಕ್ಟೇರಿಗೆ ಸುಮಾರು 3.5 ಟನ್. ಒಂದು ಹೆಕ್ಟೇರ್ ಎಂದರೆ 10,000 ಚದರ ಮೀಟರ್, ಅಂದರೆ ಒಂದು ಚದರ ಮೀಟರಿಗೆ ಸಿಗುವುದು ಸರಾಸರಿ 350 ಗ್ರಾಂ ಕಾಳು. ನಿನ್ನ ಬಾಲ್ಕನಿಯನ್ನು ಪೂರ್ತಿ ಹೊಲವನ್ನಾಗಿ ಮಾಡಿದರೂ ತಿಂಗಳುಗಟ್ಟಲೆ ಕಾದು ಪಡೆಯುವುದು 1.4 ಕಿಲೋ; ದಿನಕ್ಕೆ 400 ಗ್ರಾಂ ಧಾನ್ಯ ತಿನ್ನುವ ಒಬ್ಬ ಮನುಷ್ಯನಿಗೆ ಅದು ಮೂರೂವರೆ ದಿನದ ಊಟ. ಸೊಪ್ಪಿನ ಲೆಕ್ಕವೂ ಹಾಗೆಯೇ. ನೂರು ಗ್ರಾಂ ಸೊಪ್ಪಿನಲ್ಲಿರುವುದು 20ರಿಂದ 30 ಕ್ಯಾಲೊರಿ, ನಮಗೆ ದಿನಕ್ಕೆ ಬೇಕಾದದ್ದು ಎರಡು ಸಾವಿರದ ಆಸುಪಾಸು. ಆದ್ದರಿಂದ ಬಾಲ್ಕನಿ ಹೊಟ್ಟೆ ತುಂಬಿಸುತ್ತದೆ ಎಂಬ ಆಸೆಯನ್ನು ಇಂದೇ ಬಿಟ್ಟುಬಿಡು. ಕಿತ್ತ ಹತ್ತು ನಿಮಿಷದಲ್ಲಿ ಪಾತ್ರೆಗೆ ಬೀಳುವ ಸೊಪ್ಪನ್ನು ಅದು ಕೊಡುತ್ತದೆ, ಅದು ಸಣ್ಣ ಸಂಗತಿಯಲ್ಲ. ಆದರೆ ಅದನ್ನೇ ಸ್ವಾವಲಂಬನೆ ಎಂದು ಕರೆದರೆ ಆರು ತಿಂಗಳಲ್ಲಿ ನಿರಾಶೆಯಾಗುತ್ತದೆ, ಕುಂಡಗಳು ಖಾಲಿಯಾಗಿ ಮೂಲೆ ಸೇರುತ್ತವೆ.

ಅಣ್ಣ ನೋಡದೆ ಬಿಟ್ಟ ಇನ್ನರ್ಧ ಬೇರೆಯೇ ಇದೆ. ಚಿಕ್ಕ ಮನೆಯಲ್ಲಿ ನಾವು ಹೊಸದಾಗಿ ಏನು ಉತ್ಪಾದಿಸುತ್ತೇವೆ ಎಂಬುದಕ್ಕಿಂತ, ಈಗಾಗಲೇ ಒಳಗೆ ಬಂದದ್ದರಲ್ಲಿ ಎಷ್ಟನ್ನು ಬಳಸದೆ ಹೊರಗೆ ಕಳುಹಿಸುತ್ತೇವೆ ಎಂಬುದರ ಗಾತ್ರ ಬಹಳ ದೊಡ್ಡದು. ಸಿಪ್ಪೆ, ನೀರು, ಬಿಸಿ, ಹರಿದ ಬಟ್ಟೆ ಎಲ್ಲವೂ ಹಾಗೆ ಹೋಗುತ್ತಲೇ ಇರುತ್ತವೆ. ನೀನು ಯಾವ ಬೀಜ ತರಬೇಕು ಎಂದು ಕೇಳಿದೆ. ನಾನು ಹೇಳುವುದು ಮೊದಲು ಒಂದು ತೂಕದ ಯಂತ್ರ ತೆಗೆದುಕೋ ಎಂದು. ಅಡುಗೆಮನೆಯಲ್ಲಿ ಇರುವುದೇ ಸಾಕು. ಒಂದು ವಾರ ಹಸಿ ಕಸವನ್ನೂ ಒಣ ಕಸವನ್ನೂ ಬೇರೆ ಬೇರೆ ಬುಟ್ಟಿಗೆ ಹಾಕಿ ರಾತ್ರಿ ತೂಗಿ ಬರೆದಿಡು, ಪ್ರತಿದಿನ ಒಂದೇ ಹೊತ್ತಿಗೆ ವಿದ್ಯುತ್ ಮೀಟರ್ ಓದು, ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಗಂಟೆ ಲೋಟವಿಟ್ಟು ಬಂದ ನೀರನ್ನು ಅಳೆದು ಇಪ್ಪತ್ನಾಲ್ಕರಿಂದ ಗುಣಿಸು. ಏನನ್ನೂ ಬದಲಿಸಬೇಡ, ಬರೆದರೆ ಸಾಕು.

ಹಸಿ ಕಸದಿಂದ ಆರಂಭಿಸುವುದಕ್ಕೆ ಕಾರಣವಿದೆ. ಅದು ದಿನವೂ ಬರುತ್ತದೆ, ಅದಕ್ಕೆ ಬಿಸಿಲು ಬೇಡ, ಮುಂದೆ ಕುಂಡಕ್ಕೆ ಬೇಕಾಗುವ ಗೊಬ್ಬರವೂ ಅದರಿಂದಲೇ ಸಿಗುತ್ತದೆ. ಇಪ್ಪತ್ತು ಲೀಟರಿನ ಎರಡು ಹಳೆಯ ಬಕೆಟ್ಟುಗಳಿಗೆ ತಳದಲ್ಲೂ ಪಕ್ಕದಲ್ಲೂ ಬೆರಳು ತೂರದಷ್ಟು ಸಣ್ಣ ತೂತುಗಳನ್ನು ಮಾಡಿ, ಕೆಳಗೆ ತಟ್ಟೆ ಇಟ್ಟು, ತಳಕ್ಕೆ ನಾಲ್ಕು ಬೆರಳು ತರಗೆಲೆ ಹಾಕು. ಆಮೇಲೆ ಪ್ರತಿ ಬಟ್ಟಲು ಹಸಿ ಸಿಪ್ಪೆಗೆ ಎರಡು ಬಟ್ಟಲು ಒಣಗಿದ್ದು ಬೀಳಬೇಕು: ತರಗೆಲೆ, ಚೂರು ಮಾಡಿದ ರಟ್ಟು, ತೆಂಗಿನ ನಾರಿನ ಪುಡಿ, ಬಣ್ಣ ಹಚ್ಚದ ಮರದ ಹೊಟ್ಟು, ಯಾವುದಾದರೂ ಆಗಬಹುದು. ಕೊಳೆಯಿಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಸಿಕ್ಕಿದಾಗ ಕೆಲಸ ಸರಾಗವಾಗುತ್ತದೆ. ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಎರಡೂ ಸೇರಿದಾಗ ಆ ಹದ ಬರುತ್ತದೆ. ತೇವ ಎಷ್ಟಿರಬೇಕೆಂದರೆ, ಒಂದು ಹಿಡಿ ತೆಗೆದು ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಧಾರೆ ಇಳಿಯಬಾರದು.

ನನ್ನ ಮೊದಲ ಬಕೆಟ್ಟಿನ ಕಥೆಯನ್ನು ಈ ಗುಂಪಿನಲ್ಲಿ ಕೆಲವರು ಮರೆತಿಲ್ಲವೆಂದು ಬಲ್ಲೆ. ಒಣ ಪದಾರ್ಥ ಹಾಕದೆ, ಮುಚ್ಚಳವನ್ನು ಬಿಗಿಯಾಗಿ ಮುಚ್ಚಿ, ಎಲ್ಲ ತಾನಾಗಿಯೇ ಗೊಬ್ಬರವಾಗುತ್ತದೆಂದು ನಂಬಿದ್ದೆ. ಐದನೆಯ ದಿನ ಪಕ್ಕದ ಮನೆಯವರು ಬಾಗಿಲು ತಟ್ಟಿದರು, ಏಳನೆಯ ದಿನ ಮುಚ್ಚಳ ತೆರೆದಾಗ ಒಳಗೆ ಹುಳುಗಳು ಮಿಜಿಗುಟ್ಟುತ್ತಿದ್ದವು. ಅಂದಿನಿಂದ ಒಂದು ಪಾಠ ಗಟ್ಟಿಯಾಯಿತು: ಬಕೆಟ್ಟಿನ ವಾಸನೆಯೇ ಅದರ ಆರೋಗ್ಯದ ವರದಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಳಗೆ ಗಾಳಿಯಿಲ್ಲ, ನೀರು ಹೆಚ್ಚಾಗಿದೆ, ಕೆದಕಿ ಒಣ ಎಲೆ ಬೆರೆಸಬೇಕು. ಮೂಗು ಚುರುಗುಟ್ಟಿಸುವ ಅಮೋನಿಯಾ ವಾಸನೆ ಬಂದರೆ ಸಾರಜನಕ ಹೆಚ್ಚಾಗಿದೆ, ಆಗಲೂ ಮದ್ದು ಒಣ ಪದಾರ್ಥವೇ. ಯಾವ ವಾಸನೆಯೂ ಇಲ್ಲದೆ ವಾರಗಟ್ಟಲೆ ಹಾಗೆಯೇ ಕುಳಿತಿದ್ದರೆ ಅದು ಒಣಗಿದೆ, ಸ್ವಲ್ಪ ನೀರು ಚಿಮುಕಿಸಿದರೆ ಸಾಕು. ಒಂದು ಬಕೆಟ್ ತುಂಬಿದ ಮೇಲೆ ಅದಕ್ಕೆ ಹೊಸ ಕಸ ಹಾಕದೆ ಎರಡು ಮೂರು ತಿಂಗಳು ಬಿಟ್ಟು ಇನ್ನೊಂದನ್ನು ತುಂಬುತ್ತಾ ಹೋದರೆ, ಕೊನೆಗೆ ಸಿಗುವುದು ಮಳೆ ಬಿದ್ದ ನೆಲದ ವಾಸನೆಯ ಕಪ್ಪು ಪುಡಿ.

ಇಲ್ಲೊಂದು ಎಚ್ಚರಿಕೆ. ಆಲ್ಬರ್ಟ್ ಹೋವರ್ಡ್ ಎಂಬ ಸಸ್ಯವಿಜ್ಞಾನಿ 1924ರಿಂದ 1931ರವರೆಗೆ ಇಂದೋರಿನಲ್ಲಿದ್ದಾಗ ಪದರ ಪದರವಾಗಿ ಗೊಬ್ಬರ ಮಾಡುವ ಕ್ರಮವನ್ನು ವ್ಯವಸ್ಥಿತಗೊಳಿಸಿದರು, ಅದಕ್ಕೆ ಇಂದೋರ್ ಪದ್ಧತಿ ಎಂದೇ ಹೆಸರು. ಅದು ಹೊಲದ ಬದಿಯ ದೊಡ್ಡ ರಾಶಿಗೆ ಹೇಳಿದ್ದು. ಸುಮಾರು ಒಂದು ಘನ ಮೀಟರ್ ಗಾತ್ರದ ರಾಶಿ ತನ್ನೊಳಗೇ 55 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ, ಆ ಬಿಸಿಗೆ ಕಳೆಬೀಜಗಳೂ ರೋಗಾಣುಗಳೂ ಸಾಯುತ್ತವೆ. ನಮ್ಮ ಬಕೆಟ್ ಅಷ್ಟು ಕಾಯುವುದಿಲ್ಲ. ಆದ್ದರಿಂದ ಮಾಂಸ, ಮೂಳೆ, ಹಾಲಿನ ಪದಾರ್ಥ, ಸಾಕುಪ್ರಾಣಿಗಳ ಮಲ, ರೋಗ ಬಂದ ಗಿಡ ಇವನ್ನು ಅದಕ್ಕೆ ಹಾಕಕೂಡದು. ಟೊಮೆಟೊ ಬೀಜ ಕುಂಡದಲ್ಲಿ ತಾನಾಗಿ ಮೊಳೆತರೆ ಮಾತ್ರ ಬೈಯಬೇಡ. ಎರೆಹುಳುವಿನ ಪೆಟ್ಟಿಗೆ ತರುವ ಯೋಚನೆಯಿದ್ದರೆ ಒಂದು ವರ್ಷ ತಡೆ. ಗೊಬ್ಬರಕ್ಕೆಂದು ಹೆಚ್ಚಾಗಿ ಸಾಕುವ ಕೆಂಪು ಎರೆಹುಳುಗಳಿಗೆ 15ರಿಂದ 25 ಡಿಗ್ರಿಯ ವಾತಾವರಣ ಹಿತ, 35 ದಾಟಿದರೆ ಸಾಯುತ್ತವೆ, ಬಿಸಿಲು ಹೊಡೆಯುವ ಬಾಲ್ಕನಿ ಅವಕ್ಕೆ ಬಾಣಲೆಯಾದೀತು.

ಈಗ ಕುಂಡದ ಮಾತು. ಇಪ್ಪತ್ತು ಲೀಟರಿನ ಕುಂಡಕ್ಕೆ ಮಣ್ಣು ತುಂಬಿ ನೀರು ಹಾಕಿದರೆ ಅದು 25ರಿಂದ 30 ಕಿಲೋ ತೂಗುತ್ತದೆ. ಅಂಥ ಹತ್ತು ಕುಂಡವೆಂದರೆ ನಾಲ್ಕೈದು ಜನ ಹಗಲೂ ರಾತ್ರಿ ಬಾಲ್ಕನಿಯಲ್ಲಿ ನಿಂತ ಹಾಗೆ. ಆದ್ದರಿಂದ ಭಾರವಾದದ್ದನ್ನು ಗೋಡೆಯ ಕಡೆಗೆ ಇಡು, ತುದಿಗೆ ಬೇಡ. ಕಂಬಿಯ ಹೊರಬದಿಗಂತೂ ಏನನ್ನೂ ನೇತುಹಾಕಬೇಡ, ಕೆಳಗೆ ಜನ ಓಡಾಡುತ್ತಾರೆ. ಮಣ್ಣಿನ ಜೊತೆಗೆ ನಾರಿನ ಪುಡಿ ಬೆರೆಸಿದರೆ ತೂಕವೂ ಇಳಿಯುತ್ತದೆ, ತೇವವೂ ನಿಲ್ಲುತ್ತದೆ. ನಿನ್ನ ಗೊಬ್ಬರ ಅದರಲ್ಲಿ ಕಾಲು ಪಾಲಿಗಿಂತ ಹೆಚ್ಚು ಬೇಡ. ಇನ್ನು ಬಿಸಿಲು. ಮನೆಯ ಬೆಳಕು ನಮ್ಮ ಕಣ್ಣಿಗೆ ಧಾರಾಳವಾಗಿ ಕಂಡರೂ ಗಿಡಕ್ಕೆ ಅದು ಉಪವಾಸ. ನೇರ ಬಿಸಿಲು ದಿನಕ್ಕೆ ನಾಲ್ಕು ಗಂಟೆ ಬಿದ್ದರೆ ಸೊಪ್ಪು ಬರುತ್ತದೆ, ಕಾಯಿ ಬಿಡುವ ಗಿಡಗಳಿಗೆ ಆರರಿಂದ ಎಂಟು ಗಂಟೆ ಬೇಕು. ನೆಲದ ಮೇಲೆ ಸೀಮೆಸುಣ್ಣದಿಂದ ಗಂಟೆಗೊಮ್ಮೆ ನೆರಳಿನ ಅಂಚನ್ನು ಗುರುತಿಸಿದರೆ ಒಂದೇ ದಿನದಲ್ಲಿ ಉತ್ತರ ಸಿಗುತ್ತದೆ. ಆದರೆ ಆರು ತಿಂಗಳಿಗೆ ಸೂರ್ಯನ ದಾರಿ ಬದಲಾಗುವುದರಿಂದ ಮತ್ತೊಮ್ಮೆ ನೋಡಬೇಕು. ಬಿಸಿಲೇ ಬಾರದ ಮನೆಯಾದರೆ ಕಿಟಕಿಯ ಬಳಿ ತಟ್ಟೆಯಲ್ಲಿ ಕಾಳು ಮೊಳಕೆ ಬರಿಸಿ, ಒಂದೆರಡು ವಾರದ ಎಳೆ ಸೊಪ್ಪನ್ನು ಕತ್ತರಿಸಿಕೊಳ್ಳುವುದು ಸಾಕು. ಇದಕ್ಕೆ ಔಷಧಿ ಲೇಪಿಸಿದ ಬಿತ್ತನೆ ಬೀಜವನ್ನು ಬಳಸಲೇಕೂಡದು.

ನೀರಿನ ವಿಷಯದಲ್ಲಿ ಒಂದು ಸರಳ ಲೆಕ್ಕವನ್ನು ಎಲ್ಲರೂ ನೆನಪಿಟ್ಟುಕೊಳ್ಳಬಹುದು: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. ಮಹಡಿಯ ಮನೆಯಲ್ಲಿ ನಮಗೆ ಸ್ವಂತ ಛಾವಣಿ ಇಲ್ಲದ ಕಾರಣ ಮಳೆಗಿಂತ ತರಕಾರಿ ತೊಳೆದ ನೀರೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಟ್ಟೆ ಒಗೆದ ಸೋಪಿನ ನೀರನ್ನು ಹಸಿಯಾಗಿ ತಿನ್ನುವ ಸೊಪ್ಪಿಗೆ ಹಾಕಬೇಡ, ಅದನ್ನು ಒಂದು ದಿನಕ್ಕಿಂತ ಹೆಚ್ಚು ಶೇಖರಿಸಲೂ ಬೇಡ. ಶುದ್ಧ ನೀರಾದರೂ ತೆರೆದ ಪಾತ್ರೆಯಲ್ಲಿ ನಿಂತರೆ ಏಳರಿಂದ ಹತ್ತು ದಿನದಲ್ಲಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ, ಕುಂಡದ ತಳದ ತಟ್ಟೆಯೂ ಇದಕ್ಕೆ ಹೊರತಲ್ಲ.

ನಮ್ಮ ಮನೆಗಳಲ್ಲಿ ಅತ್ಯಂತ ಕಡಿಮೆ ಯೋಚಿಸುವ ವಿಷಯವೆಂದರೆ ಬಿಸಿ. ಅಳಿಯಂದಿರು ಬಾಲ್ಕನಿಗೆ ಸೋಲಾರ್ ಪ್ಯಾನಲ್ ಹಾಕುವ ಆಸೆಯಲ್ಲಿದ್ದಾರೆಂದು ನೀನು ಬರೆದಿದ್ದೆ. 100 ವ್ಯಾಟಿನ ಪ್ಯಾನಲ್ ಒಂದಕ್ಕೆ ಒಳ್ಳೆಯ ಬಿಸಿಲು ಐದು ಗಂಟೆ ಸಿಕ್ಕರೂ ಲೆಕ್ಕದ ಪ್ರಕಾರ ಬರುವುದು ಅರ್ಧ ಯೂನಿಟ್, ಬ್ಯಾಟರಿ ಮತ್ತು ತಂತಿಯ ನಷ್ಟ ಕಳೆದರೆ ಇನ್ನೂ ಕಡಿಮೆ. ದೀಪಕ್ಕೂ ಫೋನಿಗೂ ಅದು ಧಾರಾಳವಾಗಿ ಸಾಕು. ಈಗ ಸ್ನಾನದ ಮನೆಗೆ ಹೋಗೋಣ. ಷವರಿನ ಕೆಳಗೆ ಹತ್ತು ನಿಮಿಷ ನಿಂತು ನಿಮಿಷಕ್ಕೆ ಎಂಟು ಲೀಟರಿನಂತೆ 80 ಲೀಟರ್ ಬಳಸಿದರೆ, ಆ ನೀರನ್ನು 15 ಡಿಗ್ರಿಯಷ್ಟು ಕಾಯಿಸಲು ಸುಮಾರು 1.4 ಯೂನಿಟ್ ಬೇಕು. ಅದೇ ಬಿಸಿಯ 15 ಲೀಟರಿನ ಒಂದು ಬಕೆಟ್ಟಿಗೆ ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ಸಾಕು. ಒಬ್ಬರು ಷವರಿನಿಂದ ಬಕೆಟ್ಟಿಗೆ ಬಂದರೆ ಉಳಿಯುವ ವಿದ್ಯುತ್ತು ಅಂಥ ಎರಡು ಪ್ಯಾನಲ್ಲುಗಳ ದಿನದ ಉತ್ಪಾದನೆಯನ್ನೂ ಮೀರುತ್ತದೆ. ಪ್ಯಾನಲ್ ಬೇಡವೆಂದು ನಾನು ಹೇಳುತ್ತಿಲ್ಲ, ಆದರೆ ಬಕೆಟ್ ಮೊದಲು, ಪ್ಯಾನಲ್ ಆಮೇಲೆ.

ಒಲೆಯಲ್ಲೂ ಇದೇ ಲೆಕ್ಕ ನಡೆಯುತ್ತದೆ. ಕಾಳನ್ನು ರಾತ್ರಿ ನೆನೆಸುವುದು, ಪಾತ್ರೆಗೆ ಮುಚ್ಚಳ ಹಾಕುವುದು ನಿಮಗೆ ಗೊತ್ತಿದೆ. ಗೊತ್ತಿಲ್ಲದಿರಬಹುದಾದದ್ದು, ಚೆನ್ನಾಗಿ ಕುದಿ ಬಂದ ಪಾತ್ರೆಯನ್ನು ಒಲೆಯಿಂದ ಇಳಿಸಿ, ಹಳೆಯ ಕಂಬಳಿ ತುರುಕಿದ ಪೆಟ್ಟಿಗೆಯೊಳಗೆ ಎಲ್ಲ ಕಡೆಯಿಂದಲೂ ಬಿಗಿಯಾಗಿ ಮುಚ್ಚಿಟ್ಟರೆ ಉಳಿದ ಬೇಯುವಿಕೆ ತನ್ನ ಬಿಸಿಯಲ್ಲೇ ಮುಗಿಯುತ್ತದೆ ಎಂಬುದು. ಎರಡು ಷರತ್ತುಗಳಿವೆ. ತೆಗೆದಾಗ ಪದಾರ್ಥ 60 ಡಿಗ್ರಿಗಿಂತ ಬಿಸಿಯಾಗಿಯೇ ಇರಬೇಕು, ಇಲ್ಲದಿದ್ದರೆ ರೋಗಾಣುಗಳಿಗೆ ಅದು ತೊಟ್ಟಿಲು. ರಾಜ್ಮಾ ಕಾಳನ್ನಂತೂ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತನೆ ಕುದಿಸದೆ ಪೆಟ್ಟಿಗೆಯಲ್ಲಿ ಇಡಕೂಡದು, ಅದರಲ್ಲಿರುವ ವಿಷಕಾರಿ ಪ್ರೋಟೀನು ಮಂದ ಬಿಸಿಗೆ ನಾಶವಾಗುವುದಿಲ್ಲ.

ಬೆಳೆದದ್ದನ್ನು ಕೂಡಿಡುವ ಉತ್ಸಾಹ ಬಂದಾಗ ಒಣಗಿಸುವುದನ್ನೂ ಉಪ್ಪಿನಲ್ಲಿ ಹುದುಗಿಸುವುದನ್ನೂ ಮೊದಲು ಕಲಿ. ತರಕಾರಿಯ ತೂಕದ ನೂರಕ್ಕೆ ಎರಡು, ಎರಡೂವರೆ ಪಾಲು ಉಪ್ಪು ಹಾಕಿ, ತುಂಡುಗಳು ರಸದಲ್ಲಿ ಮುಳುಗಿರುವಂತೆ ನೋಡಿಕೊಳ್ಳಬೇಕು. ಆದರೆ ಹುಳಿಯಿಲ್ಲದ ತರಕಾರಿಯನ್ನು ಬರಿದೇ ಕುದಿಸಿ ಗಾಳಿಯಾಡದ ಬಾಟಲಿಗೆ ತುಂಬಿ ತಿಂಗಳುಗಟ್ಟಲೆ ಇಡುವ ವಿಡಿಯೋಗಳನ್ನು ಈ ಗುಂಪಿಗೆ ದಯವಿಟ್ಟು ಯಾರೂ ಕಳುಹಿಸಬೇಡಿ. ಬೊಟುಲಿಸಂ ಎಂಬ, ಪ್ರಾಣಕ್ಕೇ ಕುತ್ತಾಗಬಲ್ಲ ಆಹಾರ ವಿಷಬಾಧೆಯನ್ನು ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ನೂರು ಡಿಗ್ರಿಯ ಕುದಿತವನ್ನು ತಡೆದುಕೊಳ್ಳುತ್ತವೆ, ಅವನ್ನು ಕೊಲ್ಲಲು ಒತ್ತಡದ ಕೆಳಗೆ 121 ಡಿಗ್ರಿಯಷ್ಟು ಬಿಸಿ ಬೇಕು. ಆ ಬ್ಯಾಕ್ಟೀರಿಯಾದ ವಿಷ ಸೇರಿದ ಆಹಾರದ ರುಚಿ, ವಾಸನೆ ಕೆಡದೆಯೂ ಇರಬಹುದು. ಎಣ್ಣೆಯಲ್ಲಿ ಮುಳುಗಿಸಿದ ಹಸಿ ಬೆಳ್ಳುಳ್ಳಿಯನ್ನು ಫ್ರಿಜ್ಜಿನ ಹೊರಗೆ ಇಡುವುದರಲ್ಲೂ ಇದೇ ಅಪಾಯವಿದೆ.

ಅಣ್ಣನ ಹಣದ ಮಾತಿಗೆ ನನ್ನ ಉತ್ತರ ಇಷ್ಟೇ. ಇದುವರೆಗೆ ಹೇಳಿದ ಬಹುಪಾಲು ಕೆಲಸಗಳಿಗೆ ಹಳೆಯ ಬಕೆಟ್, ರಟ್ಟು, ಕಂಬಳಿ, ಸೀಮೆಸುಣ್ಣಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ. ಖರೀದಿಯಿಂದ ಆರಂಭವಾಗುವ ಸ್ವಾವಲಂಬನೆಯನ್ನು ನಾನೂ ನಂಬುವುದಿಲ್ಲ. ಕೊಳ್ಳಲೇಬೇಕೆಂದರೆ ನಲ್ಲಿಯ ವಾಷರ್, ಒಂದು ಸ್ಪ್ಯಾನರ್, ಗಟ್ಟಿ ದಾರ, ಸೂಜಿ, ಇವನ್ನು ಕೊಳ್ಳಿ. ಅಣ್ಣನಿಗೆ ಹಳೆಯ ಮಿಕ್ಸಿಯನ್ನು ಬಿಚ್ಚಿ ಜೋಡಿಸುವ ಕೈಯಿದೆ, ಅದನ್ನು ತಂಗಿಯ ಮಗಳಿಗೆ ಕಲಿಸಿಕೊಟ್ಟರೆ ಈ ಚರ್ಚೆಗಿಂತ ಹೆಚ್ಚು ಉಪಕಾರವಾಗುತ್ತದೆ.

ಮಗಳೇ, ಮುಂದಿನ ಭಾನುವಾರ ಏಳು ದಿನದ ತೂಕದ ಚೀಟಿಯ ಫೋಟೋವನ್ನು ಇಲ್ಲಿಯೇ ಹಾಕು, ಬಾಲ್ಕನಿಗೆ ನೇರ ಬಿಸಿಲು ಎಷ್ಟು ಹೊತ್ತಿಗೆ ಬಂದು ಎಷ್ಟು ಹೊತ್ತಿಗೆ ಹೋಗುತ್ತದೆ ಎಂಬುದನ್ನೂ ಅದರ ಕೆಳಗೆ ಬರೆ. ಯಾವ ಬೀಜ ಎಂಬ ನಿನ್ನ ಪ್ರಶ್ನೆಗೆ ಅದನ್ನು ನೋಡಿದ ಮೇಲೆ ಉತ್ತರ ಕೊಡುತ್ತೇನೆ. ಒಣ ಎಲೆಗಳನ್ನು ಮಾತ್ರ ಇಂದಿನಿಂದಲೇ ಒಂದು ಚೀಲದಲ್ಲಿ ಕೂಡಿಸಲು ತೊಡಗು, ಬೇಕಾದಾಗ ಅವೇ ಸಿಗುವುದಿಲ್ಲ.