ಪಿಕಪ್‌ನ ಹಿಂದಿನ ಬಾಡಿಯಲ್ಲಿ ಮೇಲ್ಮುಖ ಸೈಲೆನ್ಸರ್ ಪೈಪ್ ಹಾಕಿಸುವುದು: ಮಳೆ, ಮೀನಿನ ನೀರು, ಆರ್‌ಟಿಒ ಎಲ್ಲ ನೋಡಿ ಹೇಳಿ

ಮಲ್ಪೆ_ಪಿಕಪ್:

ಎಲ್ಲರಿಗೂ ನಮಸ್ಕಾರ. ನನ್ನದು ಇಸುಜು ಡಿ-ಮ್ಯಾಕ್ಸ್, 2018ರದ್ದು, 2.5 ಲೀಟರ್ ಡೀಸೆಲ್, ಬಿಎಸ್4 (ಹೊಗೆ ಮಿತಿಯ ಹಳೆಯ ದರ್ಜೆ), ಎಲ್ಲೋ ಬೋರ್ಡ್, ಅಂದರೆ ಬಾಡಿಗೆಗೆ ದುಡಿಯುವ ಹಳದಿ ನಂಬರ್ ಪ್ಲೇಟಿನ ಗಾಡಿ. ಮಲ್ಪೆ ಬಂದರಿನಲ್ಲಿ ಮೀನು ತುಂಬಿಸಿ ಕಾರ್ಕಳ, ಹೆಬ್ರಿ ಕಡೆ ಹೋಗುವ ಗಾಡಿ. ಐಸ್ ಕರಗಿದ ಉಪ್ಪುನೀರು ದಿನಾ ಕೆಳಗೆ ಇಳಿದು ಇಳಿದು ಸೈಲೆನ್ಸರ್ ಡಬ್ಬಿ ತೂತಾಗಿದೆ. ಅದರ ಹಿಂದಿನ ಪೈಪಂತೂ ಬೆರಳಲ್ಲಿ ಒತ್ತಿದರೆ ಪದರ ಪದರವಾಗಿ ಉದುರುತ್ತದೆ.

ಹೇಗೂ ಹೊಸದು ಹಾಕಿಸಲೇಬೇಕು. ಮತ್ತೆ ಅದೇ ಜಾಗದಲ್ಲಿ ಹಾಕಿದರೆ ಮತ್ತೆ ಅದೇ ಉಪ್ಪುನೀರು, ಅದೇ ತುಕ್ಕು, ಅಲ್ವಾ? ಅಮೆರಿಕದ ಪಿಕಪ್‌ಗಳಲ್ಲಿ ಕ್ಯಾಬಿನ್ ಹಿಂದೆ ಬಾಡಿಯೊಳಗಿಂದ ಎರಡು ದಪ್ಪ ಪೈಪ್ ಮೇಲಕ್ಕೆ ಎದ್ದು ನಿಂತಿರುತ್ತವಲ್ಲ, ಹಾಗೆ ಮಾಡಿಸೋಣ ಅಂತ ಮನಸ್ಸಿದೆ. ನೋಡಲಿಕ್ಕೂ ನನಗೆ ತುಂಬ ಇಷ್ಟ, ಅದನ್ನೂ ಹೇಳಿಬಿಡುತ್ತೇನೆ. ಪೈಪ್ 5 ಇಂಚಿನದ್ದು ಹಾಕಬಹುದಾ? ಬಾಡಿಗೆ ತೂತು ಕೊರೆದರೆ ಗಟ್ಟಿ ಕಮ್ಮಿ ಆಗುತ್ತದಾ? ನಮ್ಮ ಜೂನ್-ಜುಲೈ ಮಳೆಗೆ ಎಂತ ಮಾಡುವುದು? ಗಾಡಿಯ ಪಿಕಪ್, ಅಂದರೆ ಎಳೆಯುವ ಶಕ್ತಿ, ಜಾಸ್ತಿ ಆಗುತ್ತದೆ ಅಂತ ಒಬ್ಬರು ಹೇಳಿದರು, ನಿಜವಾ? ಕೈಯಾರೆ ಮಾಡಿದವರು, ಮಾಡಿದ್ದನ್ನು ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ.

ಪೇಪರ್_ನೋಡುವವ, ಉಡುಪಿ:

ಕೆಲಸದ ವಿಷಯ ಬೇರೆಯವರು ಹೇಳಲಿ, ನಾನು ಕಾಗದದ ವಿಷಯ ಹೇಳುತ್ತೇನೆ, ಯಾಕಂದ್ರೆ ನಿಮ್ಮದು ಎಲ್ಲೋ ಬೋರ್ಡ್ ಗಾಡಿ, ಎಫ್‌ಸಿಗೆ (ಗಾಡಿ ಓಡಲು ಯೋಗ್ಯ ಎಂಬ ಆರ್‌ಟಿಒ ತಪಾಸಣೆಗೆ) ನಿಲ್ಲಿಸಲೇಬೇಕು. ಮೊದಲ 8 ವರ್ಷ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಉಂಟು, 6 ತಿಂಗಳ ತನಕ ಜೈಲಿಗೂ ಅವಕಾಶ ಉಂಟು. ಹೊಗೆ, ಶಬ್ದದ ಮೇಲೆ ಕೇಸ್ ಹಾಕಿದರೆ 190(2) ಬೇರೆ, ಅದು 10,000ದ ತನಕ ಹೋಗುತ್ತದೆ.

ಇನ್ನು ಕೇಂದ್ರ ಮೋಟಾರು ವಾಹನ ನಿಯಮ 112 ಓದಿ. ಹೊಗೆ ಕೆಳಮುಖವಾಗಿ ಬರಬಾರದು, ಎಡಕ್ಕೆ ಬರಬಾರದು, ಬಲಕ್ಕೆ ಅಥವಾ ಹಿಂದಕ್ಕೆ ಹೋಗಬೇಕು. ನಮ್ಮಲ್ಲಿ ಎಡಗಡೆ ಎಂದರೆ ನಡೆಯುವವರು, ಬಸ್ಸಿಗೆ ನಿಂತವರು. ಹಾಗಾಗಿ ಎರಡು ಪೈಪ್ ಹಾಕಿ ಒಂದನ್ನು ಎಡಕ್ಕೆ ತಿರುಗಿಸುವ ಡಿಸೈನ್ ಅಂತೂ ಬೇಡವೇ ಬೇಡ. 113ನೇ ನಿಯಮವೂ ನೆನಪಿರಲಿ: ಡೀಸೆಲ್ ಲೈನಿಗೂ ಸೈಲೆನ್ಸರ್ ಪೈಪಿಗೂ ಕನಿಷ್ಠ 35 ಎಂಎಂ ಅಂತರ ಬೇಕು.

ಟ್ರಾಕ್ಟರಿಗೆ ಮೇಲಕ್ಕೆ ಉಂಟಲ್ಲ ಅಂತ ಕೇಳಬೇಡಿ. ಅದು ಕಂಪನಿಯಿಂದಲೇ ಅಪ್ರೂವ್ ಆಗಿ ಬರುವುದು. ಇನ್ಶೂರೆನ್ಸಿಗೆ ತಿಳಿಸದೆ ಮಾಡಿಸಿದರೆ, ನಾಳೆ ಬೆಂಕಿ ಬಿದ್ದರೆ ಕ್ಲೇಮ್ ಕೈಗೆ ಸಿಗುವುದು ಕಷ್ಟ.

ಬೈಕಂಪಾಡಿ_ಆರ್ಗಾನ್:

ನಾನು ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಪೈಪ್ ಕೆಲಸ ಮಾಡುವವನು. ಬೋಟಿನ ಇಂಜಿನ್ ರೂಮಿಂದ ಮೇಲಕ್ಕೆ ಬರುವ ಸೈಲೆನ್ಸರ್ ಲೈನ್ ಜಾಸ್ತಿ ಮಾಡುತ್ತೇನೆ, ತೋಟದ ಒಳಗೆ ಮಾತ್ರ ಓಡುವ ಪಿಕಪ್‌ಗಳಿಗೂ ಮಾಡಿಕೊಟ್ಟಿದ್ದೇನೆ. ಮೇಲಿನವರು ಹೇಳಿದ ಕಾನೂನು ಸರಿ, ಅದನ್ನು ಬದಿಗಿಟ್ಟು ಮಾತಾಡುವುದಿಲ್ಲ. ಆದರೆ ಕೆಲಸ ಹೇಗೆ ಎಂಬುದು ನಿಮಗೆ ಗೊತ್ತಿರಬೇಕು, ಯಾಕಂದ್ರೆ ಇದನ್ನು ಕೆಟ್ಟದಾಗಿ ಮಾಡಿಕೊಡುವವರೇ ಜಾಸ್ತಿ.

ಮೊದಲು ಸೈಜ್. ನೀವು ನೋಡಿದ 5 ಇಂಚು, 6 ಇಂಚಿನ ಪೈಪ್‌ಗಳು ಅಮೆರಿಕದ 5.9, 6.6, 6.7 ಲೀಟರ್ ಇಂಜಿನ್‌ಗಳಿಗೆ ಹಾಕಿದ್ದು. ನಿಮ್ಮದು 2.5 ಲೀಟರ್. ಎರಡೂವರೆ ಇಂಚಿನ ಪೈಪ್ ಧಾರಾಳ ಸಾಕು, 3 ಇಂಚು ಅಂದರೆ ಜಾಸ್ತಿಯೇ ಆಯಿತು. ಟರ್ಬೊ (ಹೊಗೆಯ ರಭಸದಿಂದ ತಿರುಗಿ ಇಂಜಿನ್‌ಗೆ ಗಾಳಿ ತಳ್ಳುವ ಭಾಗ) ನಂತರದ ದಾರಿ ಸಲೀಸಾದರೆ ಟರ್ಬೊಗೆ ಸ್ವಲ್ಪ ಆರಾಮ, ಅದು ನಿಜ. ಆದರೆ ಇಂಜಿನ್‌ಗೆ ಹೋಗುವ ಡೀಸೆಲ್ ಮೊದಲಿನಷ್ಟೇ ಇರುವಾಗ ಪಿಕಪ್ ಎಲ್ಲಿಂದ ಬರಬೇಕು? ಹಾರ್ನ್ ಬದಲಿಸಿದರೆ ಸ್ಪೀಡ್ ಜಾಸ್ತಿ ಆಗುತ್ತದಾ? ಶಬ್ದ ಜಾಸ್ತಿ ಆದಾಗ ಗಾಡಿ ಓಡುತ್ತದೆ ಅಂತ ಅನಿಸುತ್ತದೆ, ಅಷ್ಟೇ.

ಎರಡನೆಯದು, ನನ್ನ ಮಟ್ಟಿಗೆ ಇದೇ ಮುಖ್ಯ: ಪೈಪ್ ಯಾರ ಮೇಲೆ ನಿಲ್ಲಬೇಕು? ಚಾಸಿಯ (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ) ಮೇಲೆ. ಬಾಡಿಯ ಮೇಲೆ ಅಲ್ಲ. ನಿಮ್ಮ ಗಾಡಿಯಲ್ಲಿ ಇಂಜಿನ್ ಅದರ ಮೌಂಟಿಂಗ್ ಮೇಲೆ ಅಲ್ಲಾಡುತ್ತದೆ, ಕ್ಯಾಬಿನ್ ಅದರ ರಬ್ಬರ್ ಮೇಲೆ, ಹಿಂದಿನ ಬಾಡಿ ಬೇರೆಯೇ ಅಲ್ಲಾಡುತ್ತದೆ. ಹೊಂಡ ಬಿದ್ದ ರಸ್ತೆಯಲ್ಲಿ ಲೋಡ್ ಹಾಕಿ ಹೋಗುವಾಗ ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದು ಹೇಗೆ ಅಗಲ ಕಿರಿದು ಆಗುತ್ತದೆ ಅಂತ ಒಮ್ಮೆ ಹಿಂದಿನ ಗಾಡಿಯಿಂದ ನೋಡಿ. ಪೈಪನ್ನು ಬಾಡಿಯ ತಗಡಿಗೆ ವೆಲ್ಡ್ ಮಾಡಿಬಿಟ್ಟರೆ ಆ ಎಳೆದಾಟ ಎಲ್ಲ ಬಂದು ನಿಲ್ಲುವುದು ಒಂದು ಜಾಯಿಂಟಿನ ಮೇಲೆ. ಮೊದಲು ಕೂದಲೆಳೆಯಷ್ಟು ಬಿರುಕು, ಆಮೇಲೆ ಸುತ್ತ ಕಪ್ಪು ಮಸಿ, ಆಮೇಲೆ ಕ್ಯಾಬಿನ್ ಒಳಗೆ ಹೊಗೆ.

ಹಾಗಾಗಿ ಚಾಸಿಗೆ ಡ್ರಿಲ್ ಮಾಡದೆ ಕ್ಲಾಂಪ್ ಹಾಕಿ ಒಂದು ಬ್ರಾಕೆಟ್, ಅದರ ಮೇಲೆ ರಬ್ಬರ್ ಬುಷ್, ಅದರ ಮೇಲೆ ಪೈಪ್. ಟರ್ಬೊ ಕಡೆಯಿಂದ ಬರುವಲ್ಲಿ ಒಂದು ಬೆಲ್ಲೋ (ಬಾಗುವ ಸುಕ್ಕುಸುಕ್ಕಿನ ಪೈಪ್ ತುಂಡು), ಮೇಲಕ್ಕೆ ತಿರುಗುವ ಬೆಂಡಿನ ಮೊದಲು ಇನ್ನೊಂದು. ಬಾಡಿಯ ತೂತು ಪೈಪಿಗಿಂತ ಸುತ್ತಲೂ ಒಂದು ಇಂಚು ದೊಡ್ಡದಿರಲಿ, ಪೈಪ್ ಎಲ್ಲೂ ತಾಗಬಾರದು. ಬಿಸಿಗೆ ಪೈಪ್ ಉದ್ದ ಕೂಡ ಆಗುತ್ತದೆ. 2 ಮೀಟರ್ ಎಸ್‌ಎಸ್ ಪೈಪ್ 250 ಡಿಗ್ರಿ ಬಿಸಿಯೇರಿದರೆ ಸುಮಾರು 8 ಎಂಎಂ ಬೆಳೆಯುತ್ತದೆ. ಅದಕ್ಕೆ ಜಾಗ ಕೊಡದಿದ್ದರೆ ಅದೇ ಜಾಗ ಮಾಡಿಕೊಳ್ಳುತ್ತದೆ, ಎಲ್ಲಾದರೂ ಒಡೆದು. ನೆಲದ ಅಡಿಯಲ್ಲಿ ಅಡ್ಡ ಚಾನಲ್‌ಗಳಿರುತ್ತವೆ, ಅವನ್ನು ಮಾತ್ರ ಕತ್ತರಿಸಬೇಡಿ. ಎರಡು ಚಾನಲ್ ನಡುವೆ ಕೊರೆದರೆ ಬಾಡಿಗೆ ಏನೂ ಆಗುವುದಿಲ್ಲ.

ಮೂರನೆಯದು ನೀರು. ಲೆಕ್ಕ ಕೇಳಿ. 4 ಇಂಚಿನ ಬಾಯಿ ಆಕಾಶಕ್ಕೆ ತೆರೆದಿದ್ದರೆ, 100 ಎಂಎಂ ಮಳೆ ಬಿದ್ದ ರಾತ್ರಿ ಅದರೊಳಗೆ 800 ಎಂಎಲ್ ನೀರು ಹೋಗುತ್ತದೆ. ನಮ್ಮ ಕರಾವಳಿಯಲ್ಲಿ ಅಂಥ ರಾತ್ರಿ ಅಪರೂಪ ಅಲ್ಲ. ಆ ನೀರು ಇಳಿದು ಅತಿ ತಗ್ಗಿನ ಜಾಗದಲ್ಲಿ ನಿಲ್ಲುತ್ತದೆ. ತಗ್ಗು ಡಬ್ಬಿಯಲ್ಲಿದ್ದರೆ ಒಳಗಿನಿಂದ ತುಕ್ಕು, ಟರ್ಬೊ ಕಡೆ ಇಳಿಜಾರಿದ್ದರೆ ಅದರ ದೊಡ್ಡ ಖರ್ಚು. ತೋಟದವರು ಟ್ರಾಕ್ಟರ್ ಪೈಪಿನ ಬಾಯಿಗೆ ತೆಂಗಿನ ಗೆರಟೆ ಕವುಚಿ ಹಾಕುವುದು ಇದಕ್ಕೇ. ಪಿಕಪ್‌ಗೆ ಹೊಗೆಯ ಒತ್ತಡಕ್ಕೆ ತೆರೆದು, ಇಂಜಿನ್ ಆಫ್ ಆದಾಗ ಮುಚ್ಚುವ ತಗಡಿನ ಮುಚ್ಚಳ ಹಾಕಬಹುದು. ಆದರೆ ಉಪ್ಪುಗಾಳಿಗೆ ಅದರ ಕೀಲು ಹಿಡಿದುಕೊಳ್ಳುತ್ತದೆ, ಐಡಲ್‌ನಲ್ಲಿ ಟಕಟಕ ಅನ್ನುತ್ತದೆ. ಬಾಯಿಯನ್ನು ಪೂರ್ತಿ ಹಿಂದಕ್ಕೆ ಬಗ್ಗಿಸಿ, ಮೇಲಿನ ಅಂಚು ಸ್ವಲ್ಪ ಹೊರಗೆ ಚಾಚಿರುವ ಹಾಗೆ ಮಾಡುವುದು ನನಗೆ ಇಷ್ಟ. ಜೊತೆಗೆ ಕೆಳಗಿನ ಬೆಂಡಿನ ಅತಿ ತಗ್ಗಿನಲ್ಲಿ 4 ಎಂಎಂ ತೂತು ಒಂದು ಇರಲೇಬೇಕು.

ಮೀನಿನ ಗಾಡಿ ಆದ್ದರಿಂದ ಇನ್ನೊಂದು ಮಾತು. ನೀವು ಉಪ್ಪುನೀರಿನಿಂದ ತಪ್ಪಿಸಿಕೊಳ್ಳಲಿಕ್ಕೆ ಪೈಪ್ ಮೇಲೆ ತರುತ್ತಿದ್ದೀರಿ, ಆದರೆ ಬಾಡಿಗೆ ಕೊರೆದ ತೂತಿನಲ್ಲೇ ಆ ನೀರು ಸೀದಾ ಬಿಸಿ ಪೈಪ್ ಮೇಲೆ, ಚಾಸಿ ಮೇಲೆ ಸುರಿಯುತ್ತದೆ. ತೂತಿನ ಸುತ್ತ ಎರಡು ಇಂಚು ಎತ್ತರದ ಕಾಲರ್ ವೆಲ್ಡ್ ಮಾಡಿಸಿ, ಕೊರೆದ ಅಂಚಿಗೆ ಅವತ್ತೇ ಪ್ರೈಮರ್ ಹೊಡೆಸಿ. ಹಿಂದಿನ ಬಾಡಿಯ ಮೀನಿನ ನೀರು ಬೇರೆ ಪೈಪಲ್ಲಿ ಟ್ಯಾಂಕಿಗೆ ಹೋಗುವ ವ್ಯವಸ್ಥೆ ಮಾಡಿಸಿದರೆ ಇನ್ನೂ ಒಳ್ಳೆಯದು, ರಸ್ತೆಗೂ ಚೆಲ್ಲುವುದಿಲ್ಲ.

ಘಾಟಿ_ಡ್ರೈವರ್:

ನನ್ನ ಬಾವನ ಗಾಡಿಯಲ್ಲಿ ಇಂಥದ್ದೇ ಇತ್ತು, ಡಬ್ಬಿ ತೆಗೆದು ಬರೇ ಪೈಪ್. ತೋಟದ ರಸ್ತೆಯಲ್ಲಿ ಚಂದ ಕೇಳಿಸುತ್ತದೆ ಮಾರಾಯ್ರೆ, ಆದರೆ ಹೈವೇ 66ರಲ್ಲಿ ಒಂದೇ ಸ್ಪೀಡಲ್ಲಿ ಹೋಗುವಾಗ ಕಿವಿಯ ಹಿಂದೆಯೇ ಗುಂಯ್ ಅಂತ ಶಬ್ದ, ಕುಂದಾಪುರ ಮುಟ್ಟುವಷ್ಟರಲ್ಲಿ ತಲೆನೋವು. ಹಿಂದಿನ ಗಾಜು ಸ್ವಲ್ಪ ತೆರೆದರೆ ಹೊಗೆ ಒಳಗೆ. ಕ್ಯಾಬಿನ್ ಹಿಂದೆ ಗಾಳಿ ಸುತ್ತುತ್ತಿರುತ್ತದೆ, ಅದು ಹೊಗೆಯನ್ನು ಎಳೆದುಕೊಳ್ಳುತ್ತದೆ. ಪೈಪಿನ ಬಾಯಿ ಕ್ಯಾಬಿನ್ನಿನ ಮಾಡಿಗಿಂತ ಮೇಲೆ ಇರಲೇಬೇಕು. ಕ್ಲೀನರ್ ಹುಡುಗರು ಹತ್ತುವಾಗ ಹಿಡಿಯುವುದು ಅದೇ ಮೂಲೆಯನ್ನು, ಸುಟ್ಟುಕೊಳ್ಳುತ್ತಾರೆ. ಸುತ್ತ ತೂತಿನ ತಗಡಿನ ಗಾರ್ಡ್ ಹಾಕಿಸಿ. ನೈಲಾನ್ ಹಗ್ಗ, ಟಾರ್ಪಲ್ ಅದರ ಹತ್ತಿರ ಕಟ್ಟಬೇಡಿ.

ಬಿಎಸ್6 ಗಾಡಿಯವರು ಇದನ್ನು ಓದುತ್ತಿದ್ದರೆ ಈ ಆಸೆ ಬಿಡಿ. ಅದರಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಉಂಟು. ಅದು ಮಸಿ ಸುಡುವಾಗ 600 ಡಿಗ್ರಿ ಹತ್ತಿರ ಹೋಗುತ್ತದೆ, ಅದಕ್ಕೆ ಸೆನ್ಸರ್‌ಗಳೂ ಉಂಟು. ಕತ್ತರಿಸಿದರೆ ಲೈಟ್ ಬಂದು ಗಾಡಿ ಎಳೆಯುವುದೇ ಇಲ್ಲ.

ಮಲ್ಪೆ_ಪಿಕಪ್:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಚಾಸಿ ವಿಷಯ ನನಗೆ ಯಾರೂ ಹೇಳಿರಲಿಲ್ಲ, ನಾನು ಕೇಳಿದ ಗ್ಯಾರೇಜಿನಲ್ಲಿ ಬಾಡಿಗೇ ವೆಲ್ಡ್ ಅಂದಿದ್ದರು. ಇನ್ನೊಂದು ಕೇಳುತ್ತೇನೆ ಅಣ್ಣ, ನಮ್ಮ ಪರಿಚಯದ ರೇಲಿಂಗ್ ಮಾಡುವವರ ಹತ್ತಿರ ಎಸ್‌ಎಸ್ ಪೈಪ್ ಉಳಿದದ್ದು ಉಂಟು, ಅದೇ ಹಾಕಬಹುದಾ? ಇಲ್ಲ ಜಿಐ (ಸತು ಲೇಪದ ಕಬ್ಬಿಣ) ಪೈಪಾ? ಬಿಸಿ ತಡೆಯಲಿಕ್ಕೆ ಗ್ಲಾಸ್ ಬಟ್ಟೆ ಸುತ್ತಿಸಬೇಕಾ?

ಬೈಕಂಪಾಡಿ_ಆರ್ಗಾನ್:

ಜಿಐ ಬೇಡ. ವೆಲ್ಡ್ ಮಾಡುವಾಗ ಸತು ಸುಟ್ಟು ಬರುವ ಬಿಳಿ ಹೊಗೆ ಉಸಿರಿಗೆ ಹೋದರೆ ಮಾಡುವವನಿಗೆ ರಾತ್ರಿ ಚಳಿಜ್ವರ ಗ್ಯಾರಂಟಿ. ಬಿಸಿಗೆ ಆ ಲೇಪ ಉಳಿಯುವುದೂ ಇಲ್ಲ.

ರೇಲಿಂಗಿನ ಪೈಪ್ ಹೆಚ್ಚಾಗಿ 202 ಗ್ರೇಡ್. ನೋಡಲಿಕ್ಕೆ 304ರ ಹಾಗೇ ಹೊಳೆಯುತ್ತದೆ, ಮ್ಯಾಗ್ನೆಟ್ ಹಿಡಿದರೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದರಲ್ಲಿ ನಿಕಲ್ ಕಮ್ಮಿ. ಸಮುದ್ರದ ಬದಿಯ ಮನೆಗಳ ಗೇಟು, ರೇಲಿಂಗ್ ನೋಡಿ, ವೆಲ್ಡ್ ಹತ್ತಿರ ಚಹಾ ಬಣ್ಣದ ಕಲೆ ಬಂದಿರುತ್ತದಲ್ಲ, ಬಹಳ ಸಲ ಅದು ಇದೇ. 304 ತೆಗೆದುಕೊಳ್ಳಿ, ದಪ್ಪ ಒಂದೂವರೆ ಎಂಎಂಗಿಂತ ಕಮ್ಮಿ ಬೇಡ, ಬಿಲ್ಲಿನಲ್ಲಿ ಗ್ರೇಡ್ ಬರೆಸಿ. 316 ಉಪ್ಪಿಗೆ ಇನ್ನೂ ಒಳ್ಳೆಯದು, ಆದರೆ ರೇಟ್ ಜಾಸ್ತಿ, ಕೆಳಗಿನ ಬೆಂಡಿಗೆ ಮಾತ್ರ ಹಾಕಿದರೂ ಸಾಕು. ವೆಲ್ಡಿಂಗ್ ಆರ್ಗಾನ್ ಗ್ಯಾಸಲ್ಲೇ ಆಗಬೇಕು, ಪೈಪಿನ ಒಳಗೂ ಗ್ಯಾಸ್ ಬಿಡಬೇಕು, ಇಲ್ಲದಿದ್ದರೆ ಒಳಬದಿ ಸುಟ್ಟು ಕರಿ ಸಕ್ಕರೆಯ ಹಾಗೆ ಹರಳು ಕಟ್ಟುತ್ತದೆ, ತುಕ್ಕು ಅಲ್ಲಿಂದಲೇ ಶುರು. ಹಳೆಯ ಕಬ್ಬಿಣದ ಪೈಪಿಗೆ ಎಸ್‌ಎಸ್ ಸೇರಿಸುವಲ್ಲಿ 309 ರಾಡ್ ಹಾಕಲಿ, 308 ಅಲ್ಲ.

ಗ್ಲಾಸ್ ಬಟ್ಟೆ ನಮ್ಮ ಊರಿಗೆ ಆಗುವುದಿಲ್ಲ. ಮಳೆನೀರು, ಉಪ್ಪು ಎರಡನ್ನೂ ಹೀರಿಕೊಂಡು ಪೈಪಿಗೆ ಅಂಟಿಸಿ ಇಟ್ಟುಕೊಳ್ಳುತ್ತದೆ. ಗಾಳಿ ಆಡುವ ತಗಡಿನ ಗಾರ್ಡೇ ಒಳ್ಳೆಯದು.

ಪೇಪರ್_ನೋಡುವವ, ಉಡುಪಿ:

ಮಾಡಿಸಲೇಬೇಕು ಅಂತಿದ್ದರೆ ನನ್ನ ಕೋರಿಕೆ ಒಂದೇ. ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ತೆಗೆಯಬೇಡಿ, ಸೈಲೆನ್ಸರ್ ಡಬ್ಬಿ ಇರಲಿ. ಬಿಎಸ್4 ಡೀಸೆಲ್‌ಗೆ ಎಮಿಷನ್ ಟೆಸ್ಟಲ್ಲಿ ಹೊಗೆಯ ಮಿತಿ 1.62 (ಹೊಗೆ ಎಷ್ಟು ಬೆಳಕು ತಡೆಯುತ್ತದೆ ಎಂಬ ಅಳತೆ), ನಿಮ್ಮ ಇಂಜಿನ್ ಸರಿ ಇದ್ದರೆ ಆರಾಮವಾಗಿ ಪಾಸ್ ಆಗುತ್ತದೆ. ಬಾಯಿ ಹಿಂದಕ್ಕೆ ತಿರುಗಿಸಿದರೆ 112ರ ದಿಕ್ಕಿನ ಮಾತು ಮುಗಿಯಿತು. ಆದರೆ 52ನೇ ಸೆಕ್ಷನ್ ಮುಗಿಯುವುದಿಲ್ಲ. ದುಡಿಯುವ ಗಾಡಿ ರಸ್ತೆ ಬದಿ ನಿಂತರೆ ಅವತ್ತಿನ ಮೀನು ಹಾಳು, ಅದಕ್ಕೇ ಹೇಳುತ್ತಿರುವುದು. ಕಂಪನಿ ಡಿಸೈನಿನ ಹಿಂದಿನ ಪೈಪನ್ನೇ 304ರಲ್ಲಿ ಅದೇ ಅಳತೆಗೆ ಮಾಡಿಸಿದರೆ ನಿಮ್ಮ ತುಕ್ಕಿನ ಸಮಸ್ಯೆಯೂ ಹೋಗುತ್ತದೆ, ಯಾರೂ ಕೇಳುವುದೂ ಇಲ್ಲ.

ಮಲ್ಪೆ_ಪಿಕಪ್:

ಇದು ಸರಿ ಅನಿಸಿತು. ಈ ಗಾಡಿಗೆ ಅದೇ ದಾರಿಯಲ್ಲಿ 304ರ ಪೈಪ್, ಜೊತೆಗೆ ಮೀನಿನ ನೀರಿಗೆ ಟ್ಯಾಂಕ್. ಮೇಲ್ಮುಖ ಪೈಪ್ ಆಸೆ ಬಿಟ್ಟಿಲ್ಲ. ನನ್ನ ಅಣ್ಣನ ತೋಟದಲ್ಲಿ ಅಡಿಕೆ, ಗೊಬ್ಬರ ಹೊರುವ ಹಳೆಯ ಪಿಕಪ್ ಒಂದು ಉಂಟು, ಗೇಟಿನಿಂದ ಹೊರಗೆ ಬರುವುದಿಲ್ಲ. ಬಲಗಡೆ ಒಂದೇ ಪೈಪ್, ಚಾಸಿ ಮೇಲೆ, ನೀವು ಹೇಳಿದ ಹಾಗೇ. ಆರ್ಗಾನ್ ಅಣ್ಣ, ಮಳೆಗಾಲಕ್ಕೆ ಮೊದಲು ಆಗಬಹುದಾ?

ಬೈಕಂಪಾಡಿ_ಆರ್ಗಾನ್:

ಆಗುತ್ತದೆ. ಮೀನಿನ ಗಾಡಿ ಮೊದಲು ತನ್ನಿ. ತರುವ ಹಿಂದಿನ ದಿನ ಅಡಿಭಾಗ ಪೂರ್ತಿ ಸಿಹಿನೀರಲ್ಲಿ ಪ್ರೆಶರ್ ಹಾಕಿ ತೊಳೆಸಿ, ಒಣಗಲು ಬಿಡಿ. ಉಪ್ಪು ಕೂತ ಜಾಗದಲ್ಲಿ ವೆಲ್ಡ್ ಹಿಡಿಯುವುದಿಲ್ಲ, ತೂತು ತೂತಾಗುತ್ತದೆ. ಹಳೆಯ ಪೈಪ್ ಎಷ್ಟು ಉದುರಿದ್ದರೂ ಬಿಸಾಡಬೇಡಿ, ಬೆಂಡಿನ ಅಳತೆ ತೆಗೆಯಲು ಅದೇ ಬೇಕು. ತೋಟದ ಗಾಡಿಯದ್ದು ಕ್ಯಾಬಿನ್ನಿಗೂ ಬಾಡಿಗೂ ನಡುವಿನ ಸಂದು ಎಷ್ಟು, ಡೀಸೆಲ್ ಟ್ಯಾಂಕ್ ಯಾವ ಬದಿಗೆ ಅಂತ ನೋಡಿ ಫೋಟೊ ಹಾಕಿ. ಟ್ಯಾಂಕ್ ಬಲಗಡೆ ಇದ್ದರೆ ಪೈಪಿನ ದಾರಿ ಬೇರೆಯೇ ಯೋಚಿಸಬೇಕು.